ಇಳಿದ ಲೆಕ್ಕ

ಚಿಂತಾಮಣಿಯಲ್ಲಿ ಮೂವತ್ತೊಂದು ವರ್ಷದಿಂದ
ನನ್ನದು ಒಂದೇ ಕೆಲಸ:
ಹಳೇ ಲಾರಿಗೆ ಕಿವಿಯಿಟ್ಟು ಬೆಲೆ ಹೇಳೋದು.
ಮೀಟರು ನೋಡೋನಲ್ಲ ನಾನು.
ಕ್ಲಚ್ ಪೆಡಲಿನ ರಬ್ಬರು ನೋಡ್ತೀನಿ,
ಡ್ರೈವರ್ ಸೀಟಿನ ಬಾಗಿಲ ಕಡೆ ಅಂಚು ನೋಡ್ತೀನಿ.
ಸವೆದದ್ದು ಸುಳ್ಳಾಡಲ್ಲ.

ಬೀಜದ ಮುನಿನಾಗಪ್ಪ ಒಂದಿನ ಶೆಡ್ಡಿಗೆ ಬಂದು
ಡೀಸೆಲ್ ಡ್ರಮ್ಮಿನ ಮೇಲೆ ಕೂತು ಟೀ ಆರಿಸ್ಕೊಳ್ತಾ
"ಬಾಬಾಜಾನ್, ಸೆಕೆಂಡ್ ಹ್ಯಾಂಡ್ ಗಾಡಿ ಒಂದು ನೋಡ್ಬೇಕು" ಅಂದ.
"ಎಷ್ಟು ಚಕ್ರ?"
"ಆರು." ಆಮೇಲೆ ಮೆಲ್ಲಗೆ, "ರೆಕ್ಕೆ ಎರಡು."

ನಕ್ಕೆ. ಅವನು ನಗಲಿಲ್ಲ.
ಟೊಮ್ಯಾಟೊ ಬೀಜ, ದಪ್ಪ ಮೆಣಸಿನಕಾಯಿ ಬೀಜ,
ಹದಿನಾಲ್ಕು ದೇಶಕ್ಕೆ ಪೊಟ್ಟಣ ಕಳಿಸೋನು;
ವಾರಕ್ಕೆ ನಾಲ್ಕು ರಾತ್ರಿ ಯಾವುದೋ ಏರ್‌ಪೋರ್ಟಿನ ಕುರ್ಚಿಯಲ್ಲಿ
ಬೂಟು ತಲೆದಿಂಬು ಮಾಡ್ಕೊಂಡು ಮಲಗೋನು.
"ಪುಟ್ಟದು ಸಾಲಲ್ಲ, ದೊಡ್ಡದನ್ನ ಸಾಕೋಕಾಗಲ್ಲ,
ನಡುವಿನದಕ್ಕಿಂತ ಒಂದು ಗೇಣು ಮೇಲೆ.
ಒಂಬತ್ತು ಸೀಟು. ಹನ್ನೊಂದು ವರ್ಷದ್ದು."

ದೇವನಹಳ್ಳಿ ಹ್ಯಾಂಗರಿನಲ್ಲಿ ನಿಂತಿತ್ತು,
ಹೆಣ್ಣು ನೋಡೋಕೆ ಬಂದ ಗಂಡಿನ ಥರ
ಆಗ ತಾನೇ ಕ್ಷೌರ ಮಾಡಿಸ್ಕೊಂಡು.
ಮಾರೋರ ಕಡೆ ದಲ್ಲಾಳಿ, ಬಿಳಿ ಶೂ,
"ನಾಲ್ಕು ಸಾವಿರದ ಇನ್ನೂರು ಗಂಟೆ, ಅಷ್ಟೇ" ಅಂದ.
"ಗಂಟೆ ಬಿಡಿ. ಎಷ್ಟು ಸಲ ಇಳಿದಿದೆ?"
ತಪಾಸಣೆಗೆ ಬಂದಿದ್ದ ಎಂಜಿನಿಯರ್ ಹುಡುಗಿ ಶೆರ್ಲಿ, ಕೆಜಿಎಫ್‌ನವಳು,
ತಲೆಯೆತ್ತಿ ನನ್ನ ನೋಡಿದಳು.
ಮೇಲಿದ್ದಾಗ ಏನು ಮಹಾ ಸವೆಯತ್ತೆ.
ನೆಲ ಮುಟ್ಟಬೇಕು, ಆಗ ಗೊತ್ತಾಗೋದು.

ಅವಳು ಎಂಜಿನ್ನಿನ ಬಾಯಿಗೆ ಹಾವಿನಂಥ ಕ್ಯಾಮೆರಾ ಬಿಟ್ಟಳು,
ಕಕ್ಕಸಿನ ನೆಲಹಲಗೆ ಎಬ್ಬಿಸಿ ತುಕ್ಕು ಹುಡುಕಿದಳು.
ಅದ್ಯಾವುದೂ ಬಾರದ ನಾನು
ಮೈಯುದ್ದಕ್ಕೂ ಹೆಬ್ಬೆರಳು ಸವರ್ತಾ ಹೋದೆ.
ಎಡರೆಕ್ಕೆಯ ಹಿಂದೆ, ಬಣ್ಣದ ಕೆಳಗೆ,
ರಾಗಿ ಕಾಳಿನಷ್ಟು ಒಂದು ಅಲೆ.
ಪುಸ್ತಕದಲ್ಲಿ ಒಂದು ವರ್ಷ ಮಾರ್ಚಿಂದ ಜೂನಿನವರೆಗೆ
ಪುಟವೇ ಇಲ್ಲ.
"ಬಣ್ಣ ಹೊಡಿಸ್ತಿದ್ರು" ಅಂದ ಬಿಳಿ ಶೂ.
ಶೆರ್ಲಿ ಏನೂ ಅನ್ನಲಿಲ್ಲ. ನನ್ನ ಹೆಬ್ಬೆರಳಿದ್ದ ಜಾಗಕ್ಕೆ
ಹಳದಿ ಟೇಪು ಅಂಟಿಸಿದಳು.

ಒಳಗೆ, ಮಡಚೋ ಮೇಜಿನ ಅಡಿಯಲ್ಲಿ
ಯಾವುದೋ ಮಗು ಅಂಟಿಸಿದ ಗಿಣಿ, ಅರ್ಧ ಕಿತ್ತಿದೆ.
ಅಷ್ಟೆಲ್ಲ ತೊಳೆದೋರಿಗೆ ಇದು ಕಂಡಿಲ್ಲ.
ಮೇಜಿನ ಅಡಿಗೆ ಬಗ್ಗೋದು ಮಕ್ಕಳು, ಮೆಕ್ಯಾನಿಕ್ಕು, ಇಬ್ಬರೇ.

ಹೊರಗೆ ಬಂದಾಗ ಮುನಿನಾಗಪ್ಪ
ಹೆಗಲ ಟವೆಲು ತೆಗೆದು ನನ್ನ ಕೈ ಮೇಲೆ ಹಾಕಿದ.
ದನದ ಸಂತೆಯಲ್ಲಿ ಅವರಪ್ಪ ಹಾಕ್ತಿದ್ದ ಹಾಗೆ.
ಬಿಳಿ ಶೂ ಟವೆಲನ್ನೇ ನೋಡ್ತಿದ್ದ.
ಅವರು ಹೇಳಿದ ಬೆಲೆಯಲ್ಲಿ ಎರಡು ಬೆರಳು ಮಡಚಿದೆ.
ಒಂದು ಬೆರಳಿಗೆ ಎಷ್ಟು ಕೋಟಿ ಅಂತ
ನಾನೂ ಕೇಳಲಿಲ್ಲ, ಅವನೂ ಹೇಳಲಿಲ್ಲ.

ಶೆರ್ಲಿಯ ತೊಂಬತ್ತಾರು ಪುಟದ ವರದಿ ಬಂತು,
ಅರವತ್ತೊಂದನೇ ಪುಟದಲ್ಲಿ ನನ್ನ ರಾಗಿ ಕಾಳು ಇತ್ತು.
ಅವರು ಒಂದೂವರೆ ಬೆರಳಿಗೆ ಒಪ್ಪಿದರು.

ಮನೆಯಲ್ಲಿ ಅವನ ತಾಯಿ ಅಕ್ಕಯ್ಯಮ್ಮ
ಫೋನಿನಲ್ಲಿ ಫೋಟೋ ನೋಡಿ, ಕಣ್ಣು ಕಿರಿದು ಮಾಡಿ,
"ಹಲ್ಲೆಷ್ಟು?"
"ಹನ್ನೊಂದು ವರ್ಷ, ಅಮ್ಮ."
"ಸುಳಿ ನೋಡಿದ್ರಾ?"
"ಎಡಪಕ್ಕೆಯಲ್ಲಿ ಒಂದಿದೆ. ಅದಕ್ಕೇ ಇಳಿಸಿದ್ವಿ."
"ಹಗ್ಗ ಕೊಟ್ರಾ, ಅವರೇ ಇಟ್ಕೊಂಡ್ರಾ?"

ಮುನಿನಾಗಪ್ಪ ನನ್ನ ಮುಖ ನೋಡಿದ.
ನನಗೆ ಕೊನೇ ದಿನದ ಏಣಿ ನೆನಪಾಯ್ತು:
ಬಾಲದ ಮೇಲಿನ ಹಳೇ ನಂಬರನ್ನ ಒಬ್ಬ
ಒಂದೊಂದೇ ಅಕ್ಷರ ಸುಲೀತಿದ್ದ, ಬೇಯಿಸಿದ ಗೆಣಸಿನ ಸಿಪ್ಪೆ ಥರ.
ಬಿಳಿ ಶೂ ಆ ಸಿಪ್ಪೆಗಳನ್ನ ಸುತ್ತಿ
ಜೋಪಾನವಾಗಿ ಚೀಲಕ್ಕೆ ಹಾಕ್ಕೊಂಡಿದ್ದ.
"ಇಟ್ಕೊಂಡ್ರು, ಅಮ್ಮ."
"ಹಂಗಾದ್ರೆ ವ್ಯಾಪಾರ ಸರಿಯಾಗೇ ಆಗಿದೆ" ಅಂದಳು.

ಸ್ವಲ್ಪ ಹೊತ್ತು ಬಿಟ್ಟು, "ಕಟ್ಟೋದೆಲ್ಲಿ?"
"ದೇವನಹಳ್ಳೀಲೇ. ತಿಂಗಳ ಬಾಡಿಗೆ."
"ಬಾಡಿಗೆ ಕೊಟ್ಟಿಗೆನಾ!" ಅಂತ ನಕ್ಕಳು ನೋಡಿ,
ಬಾಯಲ್ಲಿದ್ದ ಎಲೆಯಡಿಕೆ ಸೆರಗಿನ ಮೇಲೆಲ್ಲ.
ಮಗ ಫೋನು ಜೇಬಿಗೆ ಹಾಕ್ಕೊಂಡ.
ನಾನು ಶೆಡ್ಡಿಗೆ ಹೊರಟೆ,
ಹಿಂದೂಪುರದ ಟಿಪ್ಪರು ಒಂದು ಬೆಳಗಿಂದ ಕಾಯ್ತಿತ್ತು.